ಮಗುವಿನ ಹುಟ್ಟುಹಬ್ಬಕ್ಕೆ ವೇಲ್ಸ್ ಕಡಲತೀರ: ಎರಡು ದಿನದ ಪ್ರವಾಸ ಹೀಗೆ ಮಾಡಿ

ಹನ್ನೊಂದನೇ ಸಲ ಲೈಟರ್ ಆರಿದಾಗ ಮಗಳೇ ಹೇಳಿದಳು: “ಬಿಡಪ್ಪಾ, ಗಾಳಿನೇ ಊದ್ತಾ ಇದೆ.”

ಲ್ಯಾಂಡಿಡ್ನೋ ಊರಿನ ಸಮುದ್ರದಂಡೆ, ಮೇ ತಿಂಗಳ ಒಂದು ಶನಿವಾರ. ಕೇಕಿನ ಮೇಲೆ ಏಳು ಮೇಣದಬತ್ತಿ, ಒಂದೂ ಹತ್ತುತ್ತಿಲ್ಲ. ಡಬ್ಬಿಯ ಮುಚ್ಚಳ ಆಗಲೇ ಹಾರಿ ಕೆಳಗಿನ ಕಲ್ಲುಗಳ ಮೇಲೆ ಬಿದ್ದಿತ್ತು. ಅಮ್ಮ ತೀರ್ಥಹಳ್ಳಿಯಿಂದ ಬಂದು ಮೂರು ವಾರ ಆಗಿತ್ತಷ್ಟೆ. ಸೀರೆ ಸೆರಗನ್ನು ಸ್ವೆಟರಿನೊಳಗೆ ಸಿಕ್ಕಿಸಿಕೊಂಡು, “ಏನ್ ಗಾಳಿ ಮಾರಾಯಾ ಇದು, ಮನೇಲೇ ಮಾಡಬಹುದಿತ್ತಲ್ಲ” ಅಂದರು. ನನ್ನ ಕೈಯಲ್ಲಿ ನೋಡಬೇಕಾದ ಹನ್ನೆರಡು ಜಾಗಗಳ ಪಟ್ಟಿ ಇತ್ತು. ಗಾಳಿ ಎಷ್ಟಿರುತ್ತೆ, ಯಾವ ಕಡೆಯಿಂದ ಬರುತ್ತೆ ಅಂತ ಮಾತ್ರ ನೋಡಿಕೊಂಡಿರಲಿಲ್ಲ.

ಆಮೇಲೆ ಎರಡು ಸಲ ಹೋಗಿದ್ದೇವೆ. ಈಗ ಪಟ್ಟಿ ಮಾಡುವುದಿಲ್ಲ. ಗಾಳಿ ನೋಡುತ್ತೇನೆ, ಸಮುದ್ರದ ಉಬ್ಬರ ಇಳಿತದ ಸಮಯ ನೋಡುತ್ತೇನೆ, ಅಷ್ಟೇ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆ ಇರುವ ನಮ್ಮವರು ತುಂಬಾ ಜನ ಈ ಪ್ರವಾಸದ ಬಗ್ಗೆ ಕೇಳುತ್ತಿರುತ್ತಾರೆ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿದ್ದೇನೆ.

ಮೊದಲು ಊರು ಆರಿಸಿ

ವೇಲ್ಸ್ ಕರಾವಳಿ ಉದ್ದ ಇದೆ. ಎರಡು ದಿನಕ್ಕೆ ಒಂದೇ ಊರು ಸಾಕು. ನೀವು ಕಾರ್ಡಿಫ್ ಹತ್ತಿರ ಇದ್ದರೆ ಬ್ಯಾರಿ ಐಲೆಂಡ್‌ಗೆ ಲೋಕಲ್ ರೈಲಿನಲ್ಲೇ ಹೋಗಿಬರಬಹುದು. ಮೂರು ದಿನ ಇದ್ದರೆ ಪೆಂಬ್ರೋಕ್‌ಶೈರ್‌ನ ಟೆನ್‌ಬಿ ಚೆಂದ, ಆದರೆ ದೂರ. ಬರ್ಮಿಂಗ್‌ಹ್ಯಾಮ್‌ನವರಿಗೆ ಬಾರ್ಮತ್ ಊರಿಗೆ ನೇರ ರೈಲಿದೆ. ಅಲ್ಲಿ ಮರಳೂ ಚೆನ್ನಾಗಿದೆ, ಆದರೆ ಪ್ರಯಾಣ ನಿಧಾನ. ಮಗು ಅರ್ಧದಾರಿಯಲ್ಲೇ “ಇನ್ನೂ ಎಷ್ಟು ಹೊತ್ತು” ಶುರು ಮಾಡುತ್ತದೆ.

ಉತ್ತರ ವೇಲ್ಸ್‌ನ ಲ್ಯಾಂಡಿಡ್ನೋ ನನ್ನ ಆಯ್ಕೆ. ಕಾರಣ ಸರಳ. ಈ ಊರಿಗೆ ಎರಡು ಬದಿಯಲ್ಲಿ ಸಮುದ್ರ, ನಡುವೆ ಕಿರಿದಾದ ಸಮತಟ್ಟು ಜಾಗದಲ್ಲಿ ಊರು. ಒಂದು ಬದಿಯಲ್ಲಿ ಗಾಳಿ ಜಾಸ್ತಿ ಇದ್ದರೆ ಇನ್ನೊಂದು ಬದಿಗೆ ನಡೆದುಕೊಂಡೇ ಹೋಗಬಹುದು. ವಯಸ್ಸಾದವರಿಗೆ ದಂಡೆ ಉದ್ದಕ್ಕೂ ಏರಿಳಿತ ಇಲ್ಲದ ದಾರಿ, ಕೂರಲು ಬೇಕಾದಷ್ಟು ಬೆಂಚು. ಅಪ್ಪ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರೂ ಚಿಂತೆ ಇಲ್ಲ. ವೇಲ್ಸ್ ಯುಕೆ ಒಳಗೇ ಇದೆ, ಬೇರೆ ವೀಸಾ ಬೇಡ. ಇದನ್ನು ನನಗೆ ಐದು ಜನ ಕೇಳಿದ್ದಾರೆ.

ದಿನ ಗೊತ್ತು ಮಾಡುವಾಗ ಪಂಚಾಂಗವೂ ಕೈಯಲ್ಲಿರಲಿ

ತಮಾಷೆ ಅಲ್ಲ. ಇಲ್ಲಿನ ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನಮ್ಮ ಮಲ್ಪೆ, ಕಾರವಾರದಲ್ಲೂ ಹಾಗೇ, ಆದರೆ ಅಲ್ಲಿ ಏರಿಳಿತ ಒಂದೆರಡು ಮೀಟರ್ ಮಾತ್ರ. ಇಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ 7 ಮೀಟರ್ ಹತ್ತಿರ ಹೋಗುತ್ತದೆ. ಊರಿನ ಪಶ್ಚಿಮ ದಂಡೆಯನ್ನು ವೆಸ್ಟ್ ಶೋರ್ ಅನ್ನುತ್ತಾರೆ, ಮರಳು ಇರುವುದು ಅಲ್ಲಿ. ನೀರು ಇಳಿದಾಗ ಕಣ್ಣು ಹಾಯುವವರೆಗೂ ಮರಳೇ ಮರಳು. ಏರಿದಾಗ ಹೋದರೆ ಸಿಗುವುದು ಕಿರಿದಾದ ಪಟ್ಟಿ, ಬಕೆಟ್ ಹಿಡಿದುಕೊಂಡು ಮುಖ ಸಣ್ಣ ಮಾಡಿ ನಿಂತ ಮಗು.

ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಈ ಕಡೆ ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿರುತ್ತದೆ. ಆ ದಿನಗಳಲ್ಲಿ ಸಮುದ್ರ ಇಳಿಯುವುದು ಸಂಜೆ ಮತ್ತು ಬೆಳಗಿನ ಜಾವ. ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಲೆಕ್ಕ ತಿರುಗುತ್ತದೆ: ಮಧ್ಯಾಹ್ನವೇ ಇಳಿತ, ಊಟ ಮುಗಿಸಿ ಮರಳಿನಲ್ಲಿ ಆಡಲು ಹೇಳಿ ಮಾಡಿಸಿದ ಸಮಯ. ಅಮ್ಮ ಊರಿಂದ ತಂದು ಅಡುಗೆಮನೆಯಲ್ಲಿ ನೇತುಹಾಕಿದ್ದ ಕ್ಯಾಲೆಂಡರ್ ನೋಡಿ ನಾವು ಎರಡನೇ ಸಲದ ವಾರಾಂತ್ಯ ಆರಿಸಿದೆವು. “ಹುಟ್ಟುಹಬ್ಬಕ್ಕೆ ಅಷ್ಟಮಿ ನೋಡ್ತೀಯಲ್ಲೋ” ಅಂತ ಅಮ್ಮನಿಗೆ ಇವತ್ತಿಗೂ ನಗು. ಇದು ದಿನ ಆರಿಸಲು ಮಾತ್ರ. ಹೊರಡುವ ಮುಂಚೆ ಆ ಊರಿನ ಉಬ್ಬರದ ವೇಳಾಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ನೋಡಿ ನಿಮಿಷ ಸಮೇತ ಬರೆದುಕೊಳ್ಳಿ. ಇಳಿತದ ಸಮಯ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ.

ತಿಂಗಳ ವಿಷಯ: ಮಗು ಚಳಿಗಾಲದಲ್ಲಿ ಹುಟ್ಟಿದ್ದರೆ ಹುಟ್ಟುಹಬ್ಬ ಮನೆಯಲ್ಲಿ ಮಾಡಿ, ಪ್ರವಾಸ ಏಪ್ರಿಲ್ ನಂತರ ಇಟ್ಟುಕೊಳ್ಳಿ. ಊರ ಪಕ್ಕದ ಬೆಟ್ಟ ಹತ್ತುವ ಟ್ರಾಮ್ ಓಡುವುದು ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮೇ ತಿಂಗಳು, ಶಾಲೆಯ ರಜೆ ಶುರುವಾಗುವ ಮುಂಚೆ, ಎಲ್ಲಕ್ಕಿಂತ ಒಳ್ಳೆಯದು. ರೂಮ್ ಕಡಿಮೆಗೆ ಸಿಗುತ್ತದೆ, ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ನೀರು ಮಾತ್ರ ಕೊರೆಯುತ್ತದೆ. ಕಾಲು ಅದ್ದಿ ಕಿರುಚಿ ವಾಪಸ್ ಓಡಿ ಬರಲು ಸಾಕು.

ಹೋಗುವುದು

ಬರ್ಮಿಂಗ್‌ಹ್ಯಾಮ್‌ನಿಂದ ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಆಗಸ್ಟ್ ಶನಿವಾರ ಆದರೆ ಎ55 ರಸ್ತೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ ದೇವರಿಗೇ ಗೊತ್ತು. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಊರೊಳಗಿನ ರಸ್ತೆಗಳಿಗೆ ಸಾಮಾನ್ಯವಾಗಿ ಗಂಟೆಗೆ 20 ಮೈಲಿ ಮಿತಿ. ಇಂಗ್ಲೆಂಡಿನ 30ರ ಅಭ್ಯಾಸದಲ್ಲಿ ಹೋದರೆ ಮನೆಗೆ ಕಾಗದ ಬರುತ್ತದೆ. ರಸ್ತೆ ಮೇಲೆ ದೊಡ್ಡದಾಗಿ ಬರೆದಿರುವ “ಅರವ್” ಅಂದರೆ ನಿಧಾನ.

ನಾವು ರೈಲಿನಲ್ಲಿ ಹೋಗುತ್ತೇವೆ. ಚೆಸ್ಟರ್ ದಾಟಿದ ಮೇಲೆ ರೈಲು ಹೋಗುವ ದಿಕ್ಕಿನ ಬಲಗಡೆ ಕಿಟಕಿ ಹಿಡಿಯಿರಿ. ಪ್ರೆಸ್ಟಾಟಿನ್, ರಿಲ್, ಕಾಲ್ವಿನ್ ಬೇ ಅಂತ ಹೋಗುತ್ತಾ ಹಳಿ ಕೆಲವು ಕಡೆ ನೀರಿನ ಪಕ್ಕಕ್ಕೇ ಬರುತ್ತದೆ. ಲ್ಯಾಂಡಿಡ್ನೋ ಜಂಕ್ಷನ್‌ನಲ್ಲಿ ಬದಲಿಸಿ ಸಣ್ಣ ರೈಲು ಹತ್ತಿದರೆ ಎಡಗಡೆ ನದೀಮುಖ, ಆಚೆ ದಡದಲ್ಲಿ ಕಾನ್‌ವಿ ಕೋಟೆ. ಮ್ಯಾಂಚೆಸ್ಟರ್‌ನಿಂದ ಲ್ಯಾಂಡಿಡ್ನೋ ಜಂಕ್ಷನ್‌ವರೆಗೆ ನೇರ ರೈಲೂ ಇದೆ. ಮೂವರು ದೊಡ್ಡವರು ಇದ್ದರೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿ. ದೊಡ್ಡವರಿಗೆ ಮೂರನೇ ಒಂದು ಭಾಗ, 5ರಿಂದ 15 ವರ್ಷದ ಮಕ್ಕಳಿಗೆ ಶೇ. 60 ಕಡಿಮೆ. ಐದರ ಒಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ.

ರೂಮ್ ಬುಕ್ ಮಾಡುವಾಗ ಕೇಳಬೇಕಾದ್ದು

ಸಮುದ್ರದ ಎದುರಿಗೆ ಸಾಲಾಗಿ ನಿಂತಿರುವ ಹೋಟೆಲುಗಳು ವಿಕ್ಟೋರಿಯಾ ಕಾಲದ ಕಟ್ಟಡಗಳು. ನೋಡಲು ಅರಮನೆ. ಒಳಗೆ ಕಡಿದಾದ ಮೆಟ್ಟಿಲು. ಎಷ್ಟೋ ಕಡೆ ಲಿಫ್ಟ್ ಇಲ್ಲ. ಅಮ್ಮನಿಗೆ ಮಂಡಿ ನೋವು ಅಂತ ಗೊತ್ತಿದ್ದೂ ಮೊದಲ ಸಲ ನಾನು ಮೂರನೇ ಮಹಡಿಯ “ಸೀ ವ್ಯೂ” ರೂಮ್ ಹಿಡಿದೆ. ಸಮುದ್ರ ಕಾಣುತ್ತಿತ್ತು, ಅಮ್ಮ ಮಾತ್ರ ಒಮ್ಮೆ ಹತ್ತಿದವರು ಸಂಜೆವರೆಗೂ ಇಳಿಯಲಿಲ್ಲ. ಹಾಗಾಗಿ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಲಿಫ್ಟ್ ಇದೆಯಾ? ಕೇಕ್ ಇಡಲು ಫ್ರಿಜ್ಜಿನಲ್ಲಿ ಜಾಗ ಕೊಡ್ತೀರಾ? ಕುಟುಂಬಕ್ಕೆಲ್ಲಾ ಒಂದೇ ರೂಮ್ ಸಿಗುತ್ತಾ?

ನಾಲ್ಕನೆಯದೊಂದಿದೆ, ಅದನ್ನು ನೀವೇ ನೆನಪಿಟ್ಟುಕೊಳ್ಳಿ: ರೂಮಿನಲ್ಲಿ ಊದುಬತ್ತಿ ಹಚ್ಚಬೇಡಿ. ಹುಟ್ಟುಹಬ್ಬದ ಬೆಳಿಗ್ಗೆ ಆರು ಗಂಟೆಗೆ ಅಮ್ಮ ಎದ್ದು, ಸ್ನಾನ ಮಾಡಿ, ಕಿಟಕಿ ಕಟ್ಟೆ ಮೇಲೆ ಸಣ್ಣ ಗಣಪತಿ ಇಟ್ಟು ಎರಡು ಕಡ್ಡಿ ಹಚ್ಚಿದರು. ಮುಂದಿನ ನಿಮಿಷದಲ್ಲಿ ಇಡೀ ಹೋಟೆಲಿನ ಅಲಾರಂ ಹೊಡೆದುಕೊಂಡಿತು. ಮಾಲೀಕರು ಡ್ರೆಸ್ಸಿಂಗ್ ಗೌನಿನಲ್ಲೇ ಓಡಿ ಬಂದರು. ಪುಣ್ಯಾತ್ಮರು, ಬೈಯಲಿಲ್ಲ. ಈಗ ನಾವು ದೀಪದ ಆರತಿ ಬಿಟ್ಟು ಕುಂಕುಮ ಕದಡಿದ ನೀರಿನ ಆರತಿ ಮಾಡುತ್ತೇವೆ. ತಟ್ಟೆಯ ಕೆಳಗೆ ಹಳೇ ಟವೆಲ್ ಹಾಸಿಕೊಳ್ಳಿ, ಹೋಟೆಲಿನ ಬಿಳಿ ಬೆಡ್‌ಶೀಟಿಗೆ ಕುಂಕುಮ ತಾಗಿದರೆ ಹೋಗುವುದಿಲ್ಲ.

ಗಂಟು ಕಟ್ಟುವುದು

ಛತ್ರಿ ಬೇಡ. ಒಂದೇ ಗಾಳಿಗೆ ಉಲ್ಟಾ ಆಗುತ್ತದೆ. ತಲೆಗೆ ಟೋಪಿ ಇರುವ, ಗಾಳಿ ತಡೆಯುವ ಜಾಕೆಟ್ ಎಲ್ಲರಿಗೂ ಬೇಕು, ಬಿಸಿಲಿದ್ದರೂ ಬೇಕು. ಸೀರೆ ಉಡುವ ಅಮ್ಮಂದಿರಿಗೆ ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಕಾಲಿಗೆ ಶೂ. ಚಪ್ಪಲಿಯಲ್ಲಿ ಉತ್ತರ ದಂಡೆಯ ಬೆಣಚುಕಲ್ಲುಗಳ ಮೇಲೆ ನಡೆಯಲು ಆಗುವುದಿಲ್ಲ. ಮಗುವಿಗೆ ಎರಡು ಜೊತೆ ಪ್ಯಾಂಟು ಅಂತ ಎಲ್ಲರೂ ಹೇಳುತ್ತಾರೆ. ನಾನು ಮೂರು ಅನ್ನುತ್ತೇನೆ.

ತಿನ್ನಲು ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಚಹಾ. ಹುಟ್ಟುಹಬ್ಬದ ಸಿಹಿಗೆ ಕೇಸರಿಬಾತ್ ಒಂದು ಡಬ್ಬಿ. ಮಾರನೇ ದಿನಕ್ಕೂ ಕೆಡುವುದಿಲ್ಲ, ಕೇಕ್ ಕೈಕೊಟ್ಟರೂ ಇದು ಇರುತ್ತದೆ.

ಮೊದಲ ದಿನ: ಬೆಳಿಗ್ಗೆ ಎದ್ದು ಗಾಳಿ ಕೇಳಿ

ಇಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್‌ನ ಆ್ಯಪ್‌ನಲ್ಲಿ ಮಳೆಯ ಚಿತ್ರದ ಕೆಳಗೆ ಗಾಳಿಯ ವೇಗ, ದಿಕ್ಕಿನ ಬಾಣ, ಬೀಸುಗಾಳಿಯ ಅಂಕಿ ಇರುತ್ತವೆ. ಯಾರೂ ಅದನ್ನು ನೋಡುವುದಿಲ್ಲ. ನೀವು ಅದನ್ನೇ ನೋಡಿ.

ಗಾಳಿ ಪಶ್ಚಿಮದಿಂದ ಬರುತ್ತಿದ್ದರೆ, ಹೆಚ್ಚಿನ ದಿನ ಹಾಗೇ ಇರುತ್ತದೆ, ಬೆಳಿಗ್ಗೆ ಉತ್ತರ ದಂಡೆಗೆ ಹೋಗಿ. ಗ್ರೇಟ್ ಓರ್ಮ್ ಅನ್ನುವ ಸುಣ್ಣಕಲ್ಲಿನ ಗುಡ್ಡ ಗಾಳಿಗೆ ಅಡ್ಡ ನಿಂತಿರುತ್ತದೆ. ಅದರ ಬುಡದಲ್ಲೇ ಪಿಯರ್ ಶುರು. ಸಮುದ್ರದೊಳಕ್ಕೆ ಚಾಚಿದ ಈ ಮರದ ಹಲಗೆಯ ಸೇತುವೆ 1877ರದ್ದು, ಸುಮಾರು 700 ಮೀಟರ್ ಉದ್ದ, ವೇಲ್ಸ್‌ನಲ್ಲೇ ಅತಿ ಉದ್ದದ್ದು. ಹಲಗೆಗಳ ಸಂದಿಯಲ್ಲಿ ಕೆಳಗೆ ನೀರು ತುಯ್ದಾಡುವುದು ಕಾಣುತ್ತದೆ. ನನ್ನ ಮಗಳು ಮೊದಲ ಹತ್ತು ಹೆಜ್ಜೆ ಅಜ್ಜಿಯ ಕೈ ಬಿಡಲಿಲ್ಲ. ಆಮೇಲೆ ಅಜ್ಜಿಯೇ ಅವಳ ಕೈ ಬಿಡಲಿಲ್ಲ. ತುದಿಯವರೆಗೂ ಆಟದ ಯಂತ್ರಗಳು, ಮಿಠಾಯಿ ಅಂಗಡಿಗಳು. ಎರಡು ಪೆನ್ಸ್ ನಾಣ್ಯ ಹಾಕಿ ನಾಣ್ಯ ಬೀಳಿಸುವ ಯಂತ್ರಕ್ಕೆ ಮಗುವಿಗೆ ಮೊದಲೇ ಒಂದು ಪೌಂಡಿನ ಚಿಲ್ಲರೆ ಎಣಿಸಿ ಕೊಡಿ, ಮುಗಿದರೆ ಮುಗಿಯಿತು. ಇಲ್ಲಿ “ರಾಕ್” ಅನ್ನುವ ಗಟ್ಟಿ ಸಕ್ಕರೆ ಕಡ್ಡಿ ಸಿಗುತ್ತದೆ. ಎಲ್ಲಿ ಮುರಿದರೂ ಒಳಗೆ ಊರಿನ ಹೆಸರು ಕಾಣುವ ಹಾಗೆ ಮಾಡಿರುತ್ತಾರೆ. ಕ್ಲಾಸಿನ ಮಕ್ಕಳಿಗೆ ಹಂಚಲು ಇದೇ ಸರಿ.

ಗಾಳಿ ಉತ್ತರ ಅಥವಾ ಪೂರ್ವದಿಂದ ಇದ್ದರೆ ಇದೇ ಪಿಯರ್ ಮೇಲೆ ಕಣ್ಣಲ್ಲಿ ನೀರು ಬರುತ್ತದೆ. ಆಗ ಇಳಿತದ ಸಮಯ ನೋಡಿಕೊಂಡು ವೆಸ್ಟ್ ಶೋರ್‌ಗೆ ಹೋಗಿ. ಊರಿನ ನಡುವಿನಿಂದ ಅಲ್ಲಿಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷದ ನಡಿಗೆ. ನೀರು ಪೂರ್ತಿ ಇಳಿಯುವ ಎರಡು ಗಂಟೆ ಮುಂಚೆ ಸೇರಿಕೊಳ್ಳಿ, ಸಮುದ್ರ ಮತ್ತೆ ತಿರುಗಿದ ಕೂಡಲೇ ದಡದ ಕಡೆ ಬನ್ನಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ನೀರು ಎದುರಿನಿಂದ ಅಲೆಯಾಗಿ ಬರಬೇಕೆಂದಿಲ್ಲ. ಮರಳಿನ ತಗ್ಗುಗಳಲ್ಲಿ ಸದ್ದಿಲ್ಲದೆ ಹರಿದು ಬೆನ್ನ ಹಿಂದೆ ತುಂಬಿಕೊಳ್ಳುತ್ತದೆ. ಒಂದು ವೇಳೆ ಸಿಕ್ಕಿಹಾಕಿಕೊಂಡರೆ 999ಕ್ಕೆ ಫೋನ್ ಮಾಡಿ “ಕೋಸ್ಟ್‌ಗಾರ್ಡ್” ಅಂತ ಕೇಳಿ.

ಗುಡ್ಡ ಹತ್ತುವುದು

ಗ್ರೇಟ್ ಓರ್ಮ್ ಎತ್ತರ 207 ಮೀಟರ್ ಅಷ್ಟೇ. ಮಲೆನಾಡಿನವರಿಗೆ ಅದೊಂದು ದಿಬ್ಬ. ಆದರೆ ಸಮುದ್ರದಿಂದಲೇ ಎದ್ದು ನಿಂತಿರುವುದರಿಂದ ಮೇಲೆ ನಿಂತಾಗ ಎತ್ತರ ಜೋರಾಗೇ ಗೊತ್ತಾಗುತ್ತದೆ. ಹತ್ತಲು ಎರಡು ದಾರಿ. ಕೇಬಲ್ ಕಾರ್ 1969ರಿಂದ ಇದೆ, ಗಾಳಿ ಜೋರಾದರೆ ನಿಲ್ಲಿಸಿಬಿಡುತ್ತಾರೆ. ಮಗುವಿಗೆ ಮೊದಲೇ ಮಾತು ಕೊಡಬೇಡಿ.

ಟ್ರಾಮ್ ಅಂತೂ ನಂಬಬಹುದು. 1902ರಲ್ಲಿ ಶುರುವಾದದ್ದು. ಇದಕ್ಕೆ ಬಾವಿಯ ರಾಟೆಯ ಲೆಕ್ಕ: ಒಂದೇ ಹಗ್ಗಕ್ಕೆ ಎರಡು ಗಾಡಿ, ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ಉಕ್ಕಿನ ಹಗ್ಗ ಊರೊಳಗೆ ರಸ್ತೆಯ ಕೆಳಗೇ ಓಡುತ್ತದೆ. ಮನೆಗಳ ಬಾಗಿಲು ಮುಂದೆಯೇ ಗಾಡಿ ಏರುತ್ತದೆ. ಅರ್ಧದಾರಿಯಲ್ಲಿ ಇಳಿದು ಇನ್ನೊಂದು ಟ್ರಾಮ್ ಹತ್ತಬೇಕು, ಅಲ್ಲಿ ಹಗ್ಗ ಸುತ್ತುವ ದೊಡ್ಡ ಚಕ್ರಗಳನ್ನು ನೋಡಬಹುದು. ಮಗಳಿಗೆ ಬೆಟ್ಟದ ತುದಿಗಿಂತ ಈ ಚಕ್ರಗಳೇ ಇಷ್ಟವಾದವು.

ಅದೇ ಅರ್ಧದಾರಿಯ ಹತ್ತಿರ ಕಂಚಿನ ಯುಗದ ತಾಮ್ರದ ಗಣಿ ಇದೆ. 1987ರಲ್ಲಿ ಬೆಳಕಿಗೆ ಬಂತು. ಸುಮಾರು ಮೂರೂವರೆ ನಾಲ್ಕು ಸಾವಿರ ವರ್ಷದ ಹಿಂದೆ ಎಲುಬು ಮತ್ತು ಕಲ್ಲಿನ ಸುತ್ತಿಗೆಗಳಿಂದ ತೋಡಿದ್ದು. ಕೆಲವು ಸುರಂಗ ಎಷ್ಟು ಇಕ್ಕಟ್ಟು ಅಂದರೆ ಸಣ್ಣ ಮಕ್ಕಳೇ ಅಲ್ಲಿ ಕೆಲಸ ಮಾಡಿರಬೇಕು ಅನ್ನುತ್ತಾರೆ. ಮಳೆ ಬಂದರೆ ಇಲ್ಲಿ ನುಗ್ಗಿ, ತಲೆಗೆ ಹೆಲ್ಮೆಟ್ ಕೊಡುತ್ತಾರೆ. ಮಂಡಿ ನೋವಿನವರು ಹೊರಗೇ ಇರಲಿ, ಒಳಗೆ ಮೆಟ್ಟಿಲು ಜಾಸ್ತಿ.

ಗುಡ್ಡದ ಮೇಲೆ ಉದ್ದ ಕೊಂಬಿನ ಬಿಳಿ ಆಡುಗಳು ಕಾಣಬಹುದು. ಕಾಶ್ಮೀರಿ ತಳಿ. ವಿಕ್ಟೋರಿಯಾ ರಾಣಿಯ ವಿಂಡ್ಸರ್ ಹಿಂಡಿನಿಂದ ಇಲ್ಲಿನ ಜಮೀನುದಾರ ಲಾರ್ಡ್ ಮಾಸ್ಟಿನ್‌ಗೆ ಬಂದ ಆಡುಗಳ ಸಂತತಿ. 2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ಊರೊಳಗೆ ಇಳಿದು ಬೇಲಿ, ತೋಟ ಮೇಯ್ದು ಜಗತ್ತಿನ ಸುದ್ದಿಯಾಗಿದ್ದು ಇವೇ. ಅಮ್ಮ ಒಂದನ್ನು ತುಂಬಾ ಹೊತ್ತು ನೋಡಿ, “ನಮ್ ಕಡೆಯದೇ. ಚಳಿಗೆ ಹೊಂದ್ಕೊಂಡಿದೆ ನೋಡು” ಅಂದರು. ಹತ್ತಿರ ಹೋಗಬೇಡಿ, ತಿನ್ನಲೂ ಕೊಡಬೇಡಿ.

ಕೇಕ್

ಕ್ರೀಮ್ ಕೇಕ್ ಬೇಡವೇ ಬೇಡ. ಗಟ್ಟಿ ಸ್ಪಂಜ್ ಕೇಕ್, ಎತ್ತರದ ಗೋಡೆಯ ಡಬ್ಬಿ. ಮೊಟ್ಟೆ ಇಲ್ಲದ್ದು ಬೇಕಿದ್ದರೆ ಮನೆಯಿಂದಲೇ ಒಯ್ಯಿರಿ, ಅಲ್ಲಿ ಹುಡುಕುತ್ತಾ ಕೂರಬೇಡಿ. ದಂಡೆ ಮೇಲೆ ಅಲ್ಲಲ್ಲಿ ಕೂರಲು ಗೋಡೆ, ಸೂರು ಇರುವ ಹಳೇ ಷೆಲ್ಟರ್‌ಗಳಿವೆ. ಗಾಳಿಗೆ ಬೆನ್ನು ಮಾಡಿದ ಬದಿ ಹಿಡಿಯಿರಿ. ದೊಡ್ಡವರು ಜಾಕೆಟ್ ಬಿಡಿಸಿ ಹಿಡಿದು ನಿಂತರೆ ಒಂದು ಮೇಣದಬತ್ತಿ ಹತ್ತುತ್ತದೆ. ಏಳು ಹಚ್ಚುವ ಆಸೆ ಬಿಡಿ. ಒಂದೇ ದಪ್ಪ ಬತ್ತಿ ತನ್ನಿ, ಇಲ್ಲವೇ ಬ್ಯಾಟರಿಯದು.

ನಾವು ಅಂತೂ ಒಂದು ಹಚ್ಚಿದಾಗ ಪಕ್ಕದ ಬೆಂಚಿನಲ್ಲಿ ಕೂತಿದ್ದ ವಯಸ್ಸಾದ ದಂಪತಿ “ಪೆನ್‌ಬ್ಲುಯಿದ್ ಹಾಪಿಸ್” ಅಂದರು. ವೆಲ್ಷ್ ಭಾಷೆಯಲ್ಲಿ ಹುಟ್ಟುಹಬ್ಬದ ಶುಭಾಶಯ. ಮಗು ಇದನ್ನು ಮೊದಲೇ ಕಲಿತಿದ್ದರೆ ಚೆಂದ. “ದಿಯೋಲ್ಖ್” ಅಂದರೆ ಥ್ಯಾಂಕ್ಸ್. ಊರಿನ ಹೆಸರಿನ ಮೊದಲಕ್ಷರ ನಿಜಕ್ಕೂ “ಲ” ಅಲ್ಲ. ನಾಲಿಗೆಯನ್ನು “ಲ” ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಊದಬೇಕು. ಮಗಳಿಗೆ ಎರಡೇ ಸಲಕ್ಕೆ ಬಂತು. ನನಗೆ ಇನ್ನೂ ಬಂದಿಲ್ಲ.

ಊಟ, ಮತ್ತು ಕಡಲಹಕ್ಕಿ

ಸಸ್ಯಾಹಾರಿಗಳು ಚಿಪ್ಸ್ ಅಂಗಡಿಯಲ್ಲಿ ಒಂದು ಮಾತು ಕೇಳಲೇಬೇಕು: ಯಾವ ಎಣ್ಣೆಯಲ್ಲಿ ಕರಿಯುತ್ತೀರಿ? ಕೆಲವು ಕಡೆ ದನದ ಕೊಬ್ಬು ಬಳಸುತ್ತಾರೆ. ಮೀನು ಕರಿದದ್ದರಲ್ಲೇ ಚಿಪ್ಸ್ ಕರಿಯುವವರೂ ಇದ್ದಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಣದ್ರಾಕ್ಷಿ ಹಾಕಿ ಕಾವಲಿ ಮೇಲೆ ಬೇಯಿಸುವ ವೆಲ್ಷ್ ಕೇಕ್‌ಗೆ ಹಳೇ ಪದ್ಧತಿಯಲ್ಲಿ ಹಂದಿಕೊಬ್ಬು ಹಾಕುತ್ತಿದ್ದರು, ಈಗ ಬೆಣ್ಣೆಯದೂ ಸಿಗುತ್ತದೆ. ಮೊಟ್ಟೆ ಮಾತ್ರ ಸಾಮಾನ್ಯವಾಗಿ ಇರುತ್ತದೆ.

ಬಯಲಲ್ಲಿ ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಿ. ಹಳದಿ ಕೊಕ್ಕಿನ ತುದಿಯಲ್ಲಿ ಕೆಂಪು ಚುಕ್ಕೆ ಇರುವ ದೊಡ್ಡ ಕಡಲಹಕ್ಕಿ ಹಿಂದಿನಿಂದಲೇ ಬರುತ್ತದೆ. ಅಮ್ಮ ಬಾಯಿಗೆ ಇಡಬೇಕು ಅನ್ನುವಷ್ಟರಲ್ಲಿ ಕೋಡುಬಳೆ ಹೋಯಿತು. ಬೆರಳಿಗೆ ಏನೂ ಆಗಲಿಲ್ಲ. ಹಕ್ಕಿ ಹತ್ತು ಮಾರು ದೂರ ಕೂತು, ಖಾರ ಅಂತಲೂ ಲೆಕ್ಕಿಸದೆ, ಮುರಿದು ಮುರಿದು ನುಂಗಿತು.

ಎರಡನೇ ದಿನ: ಕಾನ್‌ವಿ, ಏಡಿ, ಮನೆ

ಚೆಕ್‌ಔಟ್ ಮಾಡಿ ಬಸ್ಸಿನಲ್ಲಿ ಕಾನ್‌ವಿಗೆ ಬನ್ನಿ, ಹತ್ತಿರವೇ. ಒಂದನೇ ಎಡ್ವರ್ಡ್ ರಾಜ 1283ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ ಇದೆ, ಎಂಟು ಬುರುಜು. 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸುರುಳಿ ಮೆಟ್ಟಿಲು ಹತ್ತುವವರು ಹೋಗಿಬರಲಿ, ಉಳಿದವರು ಕೆಳಗೆ ದೋಣಿಕಟ್ಟೆಯಲ್ಲಿ ಕೂರಬಹುದು. ಅಲ್ಲೇ ಬ್ರಿಟನ್ನಿನ ಅತಿ ಚಿಕ್ಕ ಮನೆ ಅಂತ ಹೆಸರಾದ ಕೆಂಪು ಮನೆ ಇದೆ, ಅಗಲ ಆರು ಅಡಿ. ಕೊನೆಗೆ ಬಾಡಿಗೆಗಿದ್ದ ಮೀನುಗಾರ ಆರಡಿ ಮೂರಿಂಚು ಎತ್ತರದವನಂತೆ.

ಮಕ್ಕಳಿಗೆ ಆ ಕಟ್ಟೆಯ ಮೇಲಿನ ನಿಜವಾದ ಆಟ ಏಡಿ ಹಿಡಿಯುವುದು. ದಾರ, ಬಲೆಚೀಲ, ಬಕೆಟ್ ಅಲ್ಲೇ ಅಂಗಡಿಯಲ್ಲಿ ಸಿಗುತ್ತವೆ. ಚೀಲದೊಳಗೆ ಬೇಕನ್, ಅಂದರೆ ಹಂದಿಮಾಂಸದ ತುಂಡು ಹಾಕಿ ನೀರಿಗೆ ಇಳಿಬಿಡುತ್ತಾರೆ. ನಮ್ಮ ಮನೆಯಲ್ಲಿ ಬೇಕನ್ ಮುಟ್ಟುವವರಾರು ಅನ್ನುವ ಪ್ರಶ್ನೆ ಬಂತು, ಪಕ್ಕದ ಹುಡುಗನೊಬ್ಬ ತುಂಬಿಸಿಕೊಟ್ಟ. ಬಕೆಟ್ಟಿಗೆ ಸಮುದ್ರದ ನೀರೇ ಹಾಕಿ. ಒಂದು ಸಲಕ್ಕೆ ಮೂರ್ನಾಲ್ಕು ಏಡಿ ಸಾಕು, ಜಾಸ್ತಿ ಆದರೆ ಕಚ್ಚಾಡುತ್ತವೆ. ಹತ್ತು ನಿಮಿಷದಲ್ಲಿ ವಾಪಸ್ ಬಿಡಿ. ಮಗು ಕಟ್ಟೆಯ ಅಂಚಿಗೆ ಬಗ್ಗುವಾಗ ಜಾಕೆಟ್ಟಿನ ಬೆನ್ನು ಒಬ್ಬರು ಹಿಡಿದೇ ಇರಬೇಕು.

ಹೊರಡುವ ಮುಂಚೆ ಬಕೆಟ್, ದಾರ, ಚೀಲ ಎಲ್ಲಾ ಚೆನ್ನಾಗಿ ತೊಳೆದು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ. ನಾವು ಕಟ್ಟಿರಲಿಲ್ಲ. ಚೆಸ್ಟರ್ ದಾಟುವವರೆಗೂ ರೈಲಿನಲ್ಲಿ ನಮ್ಮ ಎದುರಿನ ಸೀಟಿಗೆ ಯಾರೂ ಬರಲಿಲ್ಲ.